ಒಂದೇ ಮನೆಯವರು: ಹೆರ್ಮನ್ ಮೋಗ್ಲಿಂಗ್ ಅಯ್ಯನವರ ಚರಿತ್ರೆ



ನಮ್ಮ ಸತ್ತೂರ ಗ್ರಾಮವು ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವಣ ದಾರಿಯಲ್ಲಿರುತ್ತದೆ. ಬಾಸೆಲ್ ಮಿಶನಿನವರು 1837ನೇ ಇಸವಿಯಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ ನೆಲೆಮಾಡಿದಂದಿನಿಂದ ಎಷ್ಟೋ ಮಂದಿ ಬೋಧಕರು ಈ ಸೀಮೆಯಲ್ಲಿ ನಡೆದು ದುಡಿದರು. ಆರಂಭದ ವರ್ಷಗಳಲ್ಲಿ ಕೆಲವು ಕಾಲ ಇಲ್ಲಿದ್ದವರಲ್ಲಿ ಹೆರ್ಮನ್ ಮೋಗ್ಲಿಂಗ್ ಅಯ್ಯನವರು ಒಬ್ಬರು. ಮೊದಲನೆಯ ಕನ್ನಡ ವರ್ತಮಾನಪತ್ರಿಕೆಯನ್ನು ಹೊರಡಿಸಿದವರೆಂದು ನಾಡೆಲ್ಲವೂ ಅವರನ್ನು ಬಲ್ಲದು. ಅವರು ವಿಶ್ವಾಸಿಗಳನ್ನೂ ತಮ್ಮ ಮನೆಯವರನ್ನೂ ಯಾವ ಪ್ರಕಾರ ಪ್ರೀತಿಸಿದರೆಂಬದನ್ನು ಮಾತ್ರ ಬಲ್ಲವರು ಕಡಿಮೆ. ಅದನ್ನೇ ನಾವು ಇಲ್ಲಿ ಹೇಳುವೆವು.

ಮೋಗ್ಲಿಂಗರು 1811ನೇ ಇಸವಿ ಮೇ ತಿಂಗಳ 29ನೇ ತಾರೀಖಿನಲ್ಲಿ ಜರ್ಮನಿಯ ವ್ಯುರ್ಟೆಂಬೆರ್ಗ್ ಸೀಮೆಯ ಬ್ರಾಕೆನ್‌ಹೈಮ್ ಎಂಬ ಊರಿನಲ್ಲಿ ಹುಟ್ಟಿದರು. ಟ್ಯೂಬಿಂಗೆನ್ ಮಹಾವಿದ್ಯಾಲಯದಲ್ಲಿ ದೈವಜ್ಞಾನಶಾಸ್ತ್ರವನ್ನು ಓದಿ ಬಾಸೆಲ್ ಮಿಶನಿಗೆ ಸೇರಿ 1836ರಲ್ಲಿ ಮಂಗಳೂರಿಗೆ ಬಂದರು. ಅಷ್ಟು ಓದಿದವರಿಗೆ ಸ್ವದೇಶದಲ್ಲಿ ಗೌರವದ ಉದ್ಯೋಗವು ಸುಲಭವಾಗಿ ದೊರೆಯುತ್ತಿತ್ತು. ಆದರೂ ಅವರು ಕನ್ನಡಿಗರ ಮಧ್ಯದಲ್ಲಿ ಕನ್ನಡಿಗರಂತೆ ಇರಬೇಕೆಂದು ನಿಶ್ಚಯಿಸಿದರು. ಈ ನಿಶ್ಚಯವೆಂಬ ಮಾತನ್ನು ವಾಚಕರು ನೆನಪಿನಲ್ಲಿಡಲಿ. ಪ್ರೀತಿಯು ಮನಸ್ಸಿನಲ್ಲಿ ತಾನಾಗಿ ಹುಟ್ಟುವ ತನಕ ಕಾದಿರುವದು ಅನೇಕರ ವಾಡಿಕೆ. ಮೋಗ್ಲಿಂಗರಾದರೋ ಮೊದಲು ನಿಶ್ಚಯಮಾಡಿ, ಆ ಮೇಲೆ ಅದಕ್ಕೆ ತಕ್ಕಂತೆ ತಮ್ಮ ಊಟ, ವಸತಿ, ದುಡ್ಡು ಇವುಗಳನ್ನು ಏರ್ಪಡಿಸಿಕೊಳ್ಳುವವರಾಗಿದ್ದರು.

ಸುವಾರ್ತೆಯನ್ನು ಸಾರುವದಕ್ಕೆ ಈ ದೇಶದ ಯುವಕರನ್ನೇ ಸಿದ್ಧಮಾಡಬೇಕೆಂಬ ಉದ್ದೇಶದಿಂದ ಅವರು 1840ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ಒಂದು ಶಾಲೆಯನ್ನು ನಡಿಸತೊಡಗಿದರು. ಅಲ್ಲಿ ಗುರುವಿನ ಬಂಗಲೆ ಒಂದು ಕಡೆ, ಶಿಷ್ಯರ ಬಿಡಾರ ಒಂದು ಕಡೆ ಎಂಬ ಭೇದವನ್ನು ಅವರು ಒಪ್ಪಲಿಲ್ಲ. ಹುಡುಗರ ಸಂಗಡಲೇ ವಾಸಿಸಿ, ಅವರು ಉಣ್ಣುವ ಅನ್ನವನ್ನೇ ಉಂಡು, ಅವರಿಗೆ ತಂದೆಯಂತಿದ್ದರು. ಬೇರೆ ಬೇರೆ ಜಾತಿಗಳಲ್ಲಿ ಹುಟ್ಟಿದವರು ಒಂದೇ ಪಂಕ್ತಿಯಲ್ಲಿ ಕೂಡ್ರುವದು ಆ ಕಾಲದಲ್ಲಿ ಎಷ್ಟು ಕಷ್ಟವಾದದ್ದೆಂದು ನಮ್ಮ ಹಳ್ಳಿಯ ಸಭೆಗಳವರಿಗೆ ವಿವರಿಸಿ ಹೇಳಬೇಕಾದದ್ದಿಲ್ಲ.

ಅವರ ಪ್ರೀತಿಯ ದೊಡ್ಡ ಪರೀಕ್ಷೆಯು 1844ರಲ್ಲಿ ಉಂಟಾಯಿತು. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ಯುವಕನೂ ಅವನ ಇಬ್ಬರು ಸ್ನೇಹಿತರೂ ಜನವರಿ ತಿಂಗಳ 6ನೇ ತಾರೀಖಿನಲ್ಲಿ ದೀಕ್ಷಾಸ್ನಾನವನ್ನು ಹೊಂದಿದರು. ಊರಲ್ಲಿ ದೊಡ್ಡ ಗಲಭೆಯೆದ್ದಿತು. ಆನಂದರಾಯನಿಗೆ ಹುಟ್ಟಿದ ಮನೆಯ ಬಾಗಿಲು ಮುಚ್ಚಿತು, ಕೈಹಿಡಿದ ಹೆಂಡತಿಯೂ ಅವನ ಬಳಿಗೆ ಬರಲಿಲ್ಲ. ಆ ಮನೆಯಲ್ಲಿ ಅತ್ತವರ ದುಃಖವನ್ನು ನಾವು ಹಗುರವಾಗಿ ಎಣಿಸಬಾರದು. ಅವರೂ ತಮ್ಮ ಮಗನನ್ನು ಪ್ರೀತಿಸಿದವರೇ.

ಹೀಗಿರಲಾಗಿ ಮೋಗ್ಲಿಂಗರು ಏನು ಮಾಡಿದರು? ಸ್ನಾನಕೊಟ್ಟು ಆಶೀರ್ವದಿಸಿ ಕಳುಹಿಸಿದ್ದರೆ ಬೋಧಕನ ಕೆಲಸ ಮುಗಿಯಿತೆಂದು ಜನರು ಹೇಳುತ್ತಿದ್ದರು. ಅವರು ಹಾಗೆ ಎಣಿಸಲಿಲ್ಲ. ಒಬ್ಬನು ಮನೆಯನ್ನು ಕಳಕೊಂಡು ಬಂದಲ್ಲಿ ಅವನಿಗೆ ಮನೆಯಾಗುವದೇ ಸಭೆಯ ಋಣವೆಂದು ತಿಳಿದು, ಆ ಯುವಕನಿಗೆ ತಮ್ಮ ಸ್ವಂತ ಹೆಸರಾದ ಹೆರ್ಮನ್ ಎಂಬದನ್ನೇ ಇಟ್ಟರು. 1846ರಲ್ಲಿ ಅವನನ್ನು ಬಾಸೆಲಿಗೆ ಕರಕೊಂಡುಹೋದರು. ಆನಂದರಾಯರು ಅಲ್ಲಿಯ ಸೆಮಿನರಿಯಲ್ಲಿ ಓದಿ, 1851ರಲ್ಲಿ ಬೋಧಕರಾಗಿ ಅಭಿಷಿಕ್ತರಾಗಿ, ತಿರಿಗಿ ಮಂಗಳೂರಿಗೆ ಬಂದು ಶಿಕ್ಷಕರಾದರು. ಮೋಗ್ಲಿಂಗರು ಅವರನ್ನು ಬಹಳ ಕಾಲ ಶಿಷ್ಯನ ಸ್ಥಾನದಲ್ಲಿಯೇ ಇಟ್ಟುಕೊಳ್ಳದೆ ಜೊತೆಗೆಲಸದವರನ್ನಾಗಿ ಎಣಿಸಿದರು. ಮಗನು ದೊಡ್ಡವನಾದಾಗ ಅವನಿಗೆ ಸರಿಸ್ಥಾನವನ್ನು ಕೊಡುವದು ಸಹ ಪ್ರೀತಿಯೇ.

ಈ ಮಧ್ಯದಲ್ಲಿ ಅವರ ಬರವಣಿಗೆಯ ಕೆಲಸವೂ ನಡೆಯುತ್ತಿತ್ತು. 1843ನೇ ಇಸವಿ ಜುಲೈ 1ರಲ್ಲಿ ಮಂಗಳೂರ ಸಮಾಚಾರವು ಕಲ್ಲಚ್ಚಿನಲ್ಲಿ ಹೊರಟಿತು. ಆ ದಿನವನ್ನು ಕರ್ನಾಟಕದಲ್ಲಿ ಇಂದಿಗೂ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. 1848ರಿಂದ ಅವರು ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದ ಕನ್ನಡ ಗ್ರಂಥಗಳನ್ನು ಅಚ್ಚುಹಾಕಿಸಿದರು. ಇವು ಕ್ರೈಸ್ತ ಗ್ರಂಥಗಳಲ್ಲವಲ್ಲಾ ಎಂದು ಯಾರಾದರೂ ಕೇಳಬಹುದು. ನೆರೆಯವನನ್ನು ಪ್ರೀತಿಸುವವನು ಅವನ ಮನಸ್ಸು ಎಲ್ಲಿ ನೆಲೆಸಿದೆಯೆಂಬದನ್ನು ತಿಳಿಯಲು ಪ್ರಯಾಸಪಡುತ್ತಾನೆಂಬದೇ ನಮ್ಮ ಉತ್ತರ.

1852ರ ಅಂತ್ಯದಲ್ಲಿ ಮೋಗ್ಲಿಂಗರ ದೇಹಸ್ಥಿತಿ ಕೆಟ್ಟು, ಅವರು ಸ್ವದೇಶಕ್ಕೆ ಹೊರಡಲು ಸಿದ್ಧರಾಗಿದ್ದರು. ಆಗ ಕೊಡಗಿನ ಅಳಮಂಡ ಮನೆತನದ ಸೋಮಯ್ಯ ಎಂಬವನು ಮಂಗಳೂರಿಗೆ ಬಂದು ದೀಕ್ಷಾಸ್ನಾನವನ್ನು ಬೇಡಿದನು. ಅವನು ವಿಶ್ವಾಸಿಯಾಗಿ ತನ್ನ ನಾಡಿಗೆ ಒಂಟಿಗನಾಗಿ ಹಿಂತಿರುಗಿದರೆ ಅವನ ಗತಿಯೇನು? ಮೋಗ್ಲಿಂಗರು ತಮ್ಮ ಪ್ರಯಾಣವನ್ನು ಬಿಟ್ಟುಬಿಟ್ಟು ಅವನ ಸಂಗಡ ಕೊಡಗಿನ ಘಟ್ಟವನ್ನು ಹತ್ತಿದರು. ಸೋಮಯ್ಯನು 1853ರ ಆರಂಭದಲ್ಲಿ ಸ್ತೆಫನನೆಂಬ ಹೆಸರನ್ನು ಹೊಂದಿದನು. ಒಬ್ಬ ಮನುಷ್ಯನ ನಿಮಿತ್ತ ತೊಡಗಿದ ಕೆಲಸವು ಅಲ್ಲಿಗೆ ನಿಲ್ಲಲಿಲ್ಲ. ಕೊಡಗಿನ ಹೊಲಗಳಲ್ಲಿ ತಲೆತಲಾಂತರದಿಂದ ಜೀತಮಾಡಿದ ಬಡವರು ಅವರ ಬಳಿಗೆ ಬಂದಾಗ, ಅವರ ನೆಲೆಗಾಗಿ ಆನಂದಪುರವೆಂಬ ಊರು ಎದ್ದಿತು. ಬ್ರಾಹ್ಮಣ ಮನೆತನದಲ್ಲಿ ಹುಟ್ಟಿದ ಆನಂದರಾಯರೇ ಮುಂದೆ ಆ ಬಡವರ ಮಧ್ಯದಲ್ಲಿ ನೆಲೆಸಿ ದುಡಿದರು. ತಾವು ಹೊಂದಿದ ಪ್ರೀತಿಯನ್ನು ಅವರು ಕೈಯಲ್ಲೇ ಮುಚ್ಚಿಟ್ಟುಕೊಳ್ಳಲಿಲ್ಲ.

ಸಭೆಯನ್ನು ಪ್ರೀತಿಸುವವನು ಸ್ವಂತ ಮನೆಯನ್ನು ಮರೆಯುವನೆಂದು ಕೆಲವರು ಹೇಳುವದುಂಟು. ಮೋಗ್ಲಿಂಗರ ವಿಷಯದಲ್ಲಿ ಅದು ಸಲ್ಲದು. ಅವರು ಪೌಲೀನಾ ಎಂಬ ಮಕ್ಕಳುಳ್ಳ ವಿಧವೆಯನ್ನು ಮದುವೆಯಾಗಿದ್ದರು. ಆಕೆಯ ದೇಹಸ್ಥಿತಿಯು ಕೆಟ್ಟಾಗ, ತಮ್ಮ ಸ್ವಂತ ಬೇನೆಗಾಗಿ ಬಿಡದಿದ್ದ ಈ ದೇಶವನ್ನು ಆಕೆಗಾಗಿ 1860ರಲ್ಲಿ ಬಿಟ್ಟರು. ತಮಗೆ ಅತಿ ಪ್ರಿಯವಾದ ಕೆಲಸವನ್ನು ಹೀಗೆ ಇತರರ ಕೈಗೆ ಒಪ್ಪಿಸಿ ಹೋಗುವದು ಸುಲಭವಲ್ಲ. ಅವರು 1881ನೇ ಇಸವಿ ಮೇ 10ರಲ್ಲಿ ಎಸ್ಲಿಂಗೆನ್ ಎಂಬ ಪಟ್ಟಣದಲ್ಲಿ ನಿದ್ರೆಹೋದರು. ಬಲ್ಮಠದಲ್ಲಿ ಇಂದಿಗೂ ದೈವಜ್ಞಾನ ಕಾಲೇಜು ನಡೆಯುತ್ತಿದೆ.

ಪ್ರಿಯರೇ, ಈ ಚರಿತ್ರೆಯಿಂದ ನಾವು ಕಲಿಯುವದೇನು? ನಾವೆಲ್ಲರೂ ಗ್ರಂಥಗಳನ್ನು ಅಚ್ಚುಹಾಕಿಸಲಾರೆವು, ದೇಶಾಂತರಕ್ಕೆ ಹೋಗಲಾರೆವು. ಆದರೆ ಕರ್ತನ ದಿನದಲ್ಲಿ ಆರಾಧನೆಗೆ ಒಬ್ಬಂಟಿಗನಾಗಿ ಬಂದವನು ಯಾರೆಂದು ನೋಡಬಹುದು. ಬಂಧುಗಳಿಂದ ಬಿಡಲ್ಪಟ್ಟವನನ್ನು ಹಬ್ಬದ ದಿನ ನಮ್ಮ ಮನೆಗೆ ಕರೆದು ನಮ್ಮ ಮಕ್ಕಳ ಪಕ್ಕದಲ್ಲಿ ಕೂಡ್ರಿಸಿ ರೊಟ್ಟಿ ಕೊಡಬಹುದು. ನಮ್ಮನ್ನು ಹೊರಗೆ ಹಾಕಿದ ಅಣ್ಣತಮ್ಮಂದಿರ ಮನೆಯಲ್ಲಿ ಬೇನೆಯಿದ್ದರೆ ಕರೆಯುವದಕ್ಕೆ ಕಾಯದೆ ಹೋಗಿ ವಿಚಾರಿಸಬಹುದು. ದಿನವೆಲ್ಲಾ ದುಡಿದು ದಣಿದ ಹೆಂಡತಿಗೆ ಒಂದು ಕೊಡ ನೀರು ತಂದುಕೊಡಬಹುದು. ಇವುಗಳಿಗೆ ಮನಸ್ಸು ಬರುವ ತನಕ ಕಾಯಬೇಡಿರಿ. ಈ ವಾರದಲ್ಲಿ ಯಾರಿಗೆ, ಯಾವ ದಿನ, ಏನು ಮಾಡುವೆನೆಂದು ನಿಶ್ಚಯಿಸಿ ಮಾಡಿರಿ. ಮನಸ್ಸು ಹಿಂದಿನಿಂದ ಬರುವದು.

ನಮ್ಮೆಲ್ಲರನ್ನು ಒಂದೇ ಮನೆಯವರನ್ನಾಗಿ ಕರೆದ ಕರ್ತನು ಇದಕ್ಕೆ ಬೇಕಾದ ಕೃಪೆಯನ್ನು ನಮಗೆ ದಯಪಾಲಿಸಲಿ.