ಕಾಶಿಯ ವೇದಿಕೆಯಲ್ಲಿ ಗಾಂಧೀಜಿ ಮಾತಿಗೆ ತಡೆಯೊಡ್ಡಿದ್ದ ಆನಿ ಬೆಸೆಂಟ್

ವಾರಾಣಸಿ: 1916ರ ಫೆಬ್ರವರಿ. ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಶಂಕುಸ್ಥಾಪನೆ ಸಂಭ್ರಮ. ವೇದಿಕೆ ತುಂಬ ಮಹಾರಾಜರು. ದಕ್ಷಿಣ ಆಫ್ರಿಕಾದಿಂದ ಮರಳಿ ವರ್ಷವಷ್ಟೇ ಕಳೆದಿದ್ದ ಗಾಂಧೀಜಿ ರಾಜರ ಒಡವೆ, ಬಾಂಬ್ ಹಿಡಿದ ಯುವಕರ ಬಗ್ಗೆ ಮಾತು ಎತ್ತುತ್ತಿದ್ದಂತೆ, ಭಾಷಣ ನಿಲ್ಲಿಸುವಂತೆ ಹೇಳಿದವರು ಆನಿ ಬೆಸೆಂಟ್. ಸಭೆ ಅರ್ಧಕ್ಕೇ ಮುಗಿಯಿತು.

ಹಾಗೆಂದು ಅವರು ಬ್ರಿಟಿಷರ ಪರ ಇದ್ದವರಲ್ಲ. 1847ರಲ್ಲಿ ಲಂಡನ್‌ನಲ್ಲಿ ಜನಿಸಿದ ಬೆಸೆಂಟ್, 1888ರಲ್ಲಿ ಅಲ್ಲಿನ ಬೆಂಕಿಪೊಟ್ಟಣ ಕಾರ್ಖಾನೆಯ ಹೆಣ್ಣುಮಕ್ಕಳ ಮುಷ್ಕರದ ಬೆನ್ನಿಗೆ ನಿಂತರು. ಅದೇ ವರ್ಷ ಲಂಡನ್ ಶಾಲಾ ಮಂಡಳಿಗೂ ಚುನಾಯಿತರಾದರು. 1893ರಲ್ಲಿ ಭಾರತಕ್ಕೆ ಬಂದು ಕಾಶಿಯಲ್ಲಿ ನೆಲೆ ಕಂಡುಕೊಂಡರು. 1898ರಲ್ಲಿ ಇಲ್ಲಿ ಸೆಂಟ್ರಲ್ ಹಿಂದೂ ಕಾಲೇಜು ಆರಂಭಿಸಿದರು. ಕಾಮಾಚ್ಛಾದ ಜಾಗವನ್ನು ಕೊಟ್ಟವರು ಕಾಶಿ ಮಹಾರಾಜರು. ಹೆಣ್ಣುಮಕ್ಕಳ ಶಾಲೆಯೂ ಬಂತು. ತಾವೇ ಕಟ್ಟಿದ ಕಾಲೇಜನ್ನು ಮುಂದೆ ಮದನ ಮೋಹನ ಮಾಳವೀಯರ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಅಧಿಕಾರ ಬಿಟ್ಟುಕೊಡುವುದು ಸುಲಭದ ಮಾತಲ್ಲ.

ಗಾಂಧೀಜಿಯನ್ನು ತಡೆದ ಅದೇ 1916ರಲ್ಲಿ ಬೆಸೆಂಟ್ ಹೋಂ ರೂಲ್ ಲೀಗ್ ಕಟ್ಟಿದರು. 1917ರ ಜೂನ್‌ನಲ್ಲಿ ಸರ್ಕಾರ ಅವರನ್ನು ಬಂಧನದಲ್ಲಿರಿಸಿತು; ದೇಶದೆಲ್ಲೆಡೆ ಪ್ರತಿಭಟನೆ ಎದ್ದು ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಬೇಕಾಯಿತು. ಆ ಡಿಸೆಂಬರ್‌ನಲ್ಲೇ, 70ನೇ ವಯಸ್ಸಿನಲ್ಲಿ, ಕಲ್ಕತ್ತಾ ಅಧಿವೇಶನದಲ್ಲಿ ಕಾಂಗ್ರೆಸ್‌ನ ಮೊದಲ ಮಹಿಳಾ ಅಧ್ಯಕ್ಷೆಯಾದರು.

ಆ ಜನಪ್ರಿಯತೆ ಹೆಚ್ಚು ದಿನ ಉಳಿಯಲಿಲ್ಲ. ಕಾನೂನು ಮೀರುವ ಹೋರಾಟ ಅವರಿಗೆ ಒಗ್ಗಲಿಲ್ಲ. ಗಾಂಧೀಜಿಯ ಅಸಹಕಾರವನ್ನು ವಿರೋಧಿಸಿ ಬದಿಗೆ ಸರಿದರು. ಜನ ಆಗಲೇ ಗಾಂಧೀಜಿಯ ಹಿಂದೆ ಹೊರಟಿದ್ದರು.

1933ರ ಸೆಪ್ಟೆಂಬರ್ 20ರಂದು ಮದ್ರಾಸಿನ ಅಡ್ಯಾರಿನಲ್ಲಿ ನಿಧನರಾದರು. ಚಿತಾಭಸ್ಮದ ಒಂದು ಭಾಗವನ್ನು ಕಾಶಿಗೆ ತಂದು ಗಂಗೆಯಲ್ಲಿ ಬಿಡಲಾಯಿತು.