ಪೆನ್ಸಿಲ್‌ನಲ್ಲಿ ಬರೆದ ಅರ್ಜಿ

ಕಳೆದ ವರ್ಷ ನಮ್ಮ ಬೀದಿಯ ಗ್ಯಾರೇಜ್ ಹುಡುಗನನ್ನು ಬೈಕ್ ಕಳವಿನ ಅನುಮಾನದ ಮೇಲೆ ಪೊಲೀಸರು ಕರೆದೊಯ್ದರು. ಮುಂದೇನು ಮಾಡಬೇಕು ಎಂದು ಅವನ ಅಮ್ಮ ಬಂದು ಕೇಳಿದ್ದು ನನ್ನನ್ನು. ಬೀದಿಯಲ್ಲಿ ಬಿಇ ಓದುತ್ತಿರುವವನು ನಾನೊಬ್ಬನೇ ಅಲ್ಲವೇ! ನನಗೆ ಏನೂ ಗೊತ್ತಿರಲಿಲ್ಲ. ಕಿವಿಯ ಓಲೆ ಅಡವಿಟ್ಟು ಅವರೇ ವಕೀಲರನ್ನು ಹಿಡಿದರು.

ಆಮೇಲೆ ಸಂವಿಧಾನದ ಪೇಪರ್‌ಗೆ ಓದುವಾಗ ಕ್ಲಾರೆನ್ಸ್ ಅರ್ಲ್ ಗಿಡಿಯನ್ ಎಂಬ ಅಮೆರಿಕನ್ನನ ಹೆಸರು ಸಿಕ್ಕಿತು. ಇಂಟರ್ನಲ್ಸ್‌ಗೆ ಒಂದು ಸಾಲು ಸಾಕಿತ್ತು, ನಾನು ಅವನ ಕಥೆಯನ್ನೆಲ್ಲ ಹುಡುಕಿ ಓದಿದೆ.

ಗಿಡಿಯನ್ ಹುಟ್ಟಿದ್ದು 1910ರಲ್ಲಿ, ಮಿಸೌರಿ ರಾಜ್ಯದ ಹ್ಯಾನಿಬಲ್‌ನಲ್ಲಿ. ಮಾರ್ಕ್ ಟ್ವೇನ್ ಬಾಲ್ಯ ಕಳೆದ ಊರದು. ಮೂರು ವರ್ಷದವನಿದ್ದಾಗ ಅಪ್ಪ ತೀರಿಹೋದರು. ಎಂಟನೇ ತರಗತಿಗೆ ಓದು ನಿಂತಿತು. ಹುಡುಗ ಮನೆ ಬಿಟ್ಟು ಓಡಿದ, ಕಳ್ಳತನ ಮಾಡಿದ, ಜೈಲು ಕಂಡ. ಹೊರಬಂದು ಮತ್ತೆ ಕದ್ದ, ಮತ್ತೆ ಒಳಗೆ ಹೋದ. ನಾಲ್ಕು ಮದುವೆ, ಜೊತೆಗೆ ಕ್ಷಯ. ನಮ್ಮ ಸಿನಿಮಾಗಳ ಹೀರೊ ಥರದ ಮನುಷ್ಯ ಖಂಡಿತ ಅಲ್ಲ.

1961ರ ಜೂನ್ 3ರ ಬೆಳಗಿನ ಜಾವ ಫ್ಲೋರಿಡಾದ ಪನಾಮ ಸಿಟಿಯಲ್ಲಿ ಒಂದು ಪೂಲ್ ಆಟದ ಅಂಗಡಿಗೆ ಕನ್ನ ಬಿತ್ತು. ಹೋದದ್ದು ಒಂದಿಷ್ಟು ಚಿಲ್ಲರೆ, ಕೆಲವು ಬಾಟಲಿ ಬಿಯರ್, ಸೋಡಾ. ಗಿಡಿಯನ್ ಅಲ್ಲಿಂದ ಹೊರಬಂದದ್ದನ್ನು ನೋಡಿದೆ ಎಂದು ಒಬ್ಬ ಹೇಳಿದ. ಹಳೇ ಕಳ್ಳ ಬೇರೆ. ಅಷ್ಟು ಸಾಕಾಯಿತು.

ಆಗಸ್ಟ್‌ನಲ್ಲಿ ವಿಚಾರಣೆ. ತನ್ನಲ್ಲಿ ದುಡ್ಡಿಲ್ಲ, ವಕೀಲರನ್ನು ಕೊಡಿ ಎಂದು ಗಿಡಿಯನ್ ನ್ಯಾಯಾಧೀಶರನ್ನು ಕೇಳಿಕೊಂಡ. ಮರಣದಂಡನೆ ಆಗಬಹುದಾದ ಕೇಸಿಗೆ ಮಾತ್ರ ಫ್ಲೋರಿಡಾದ ಕಾನೂನಿನಲ್ಲಿ ಆ ಅವಕಾಶವಿತ್ತು. ಹಾಗಾಗಿ ತನ್ನ ಕೇಸನ್ನು ತಾನೇ ವಾದಿಸಿದ. ಸಾಕ್ಷಿಗಳನ್ನು ಪ್ರಶ್ನಿಸಿದ, ಆದರೆ ಏನು ಕೇಳಬೇಕು ಎಂಬುದು ಗೊತ್ತಿರಲಿಲ್ಲ. ಐದು ವರ್ಷ ಶಿಕ್ಷೆಯಾಯಿತು.

ಜೈಲಿನ ಲೈಬ್ರರಿಯಲ್ಲಿ ಕಾನೂನು ಪುಸ್ತಕ ತಿರುವಿಹಾಕಿ, 1962ರ ಜನವರಿಯಲ್ಲಿ ಜೈಲಿನ ಕಾಗದದ ಮೇಲೆ ಪೆನ್ಸಿಲ್‌ನಿಂದ ಸುಪ್ರೀಂ ಕೋರ್ಟ್‌ಗೆ ಅರ್ಜಿ ಬರೆದ. ಸ್ಪೆಲ್ಲಿಂಗ್ ತಪ್ಪುಗಳು ಇದ್ದವು. ಆದರೂ ಕೋರ್ಟ್ ಅದನ್ನು ಎತ್ತಿಕೊಂಡಿತು. ಅವನ ಪರ ವಾದಿಸಲು ಏಬ್ ಫೋರ್ಟಸ್ ಎಂಬ ದೊಡ್ಡ ವಕೀಲರನ್ನು ನೇಮಿಸಿತು. ನನಗೆ ಖುಷಿಯಾದ ವಿಷಯವೆಂದರೆ, 22 ರಾಜ್ಯಗಳು ಕೈದಿಯ ಪರ ನಿಂತವು, ಫ್ಲೋರಿಡಾದ ಜೊತೆ ನಿಂತದ್ದು ಎರಡೇ. 1963ರ ಮಾರ್ಚ್ 18ರಂದು ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ತೀರ್ಪು ಕೊಟ್ಟರು: ಗಂಭೀರ ಅಪರಾಧದ ಆರೋಪ ಹೊತ್ತ ಬಡವನಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು. 1942ರ ತಮ್ಮದೇ ಕೋರ್ಟಿನ ತೀರ್ಪನ್ನು ತಳ್ಳಿಹಾಕಿದರು.

ಇದರಿಂದ ಗಿಡಿಯನ್ ಬಿಡುಗಡೆಯಾಗಲಿಲ್ಲ. ಆಗಸ್ಟ್ 5ರಂದು ಅದೇ ಊರಲ್ಲಿ ಮರುವಿಚಾರಣೆ ನಡೆಯಿತು. ಹೊರಗಿನಿಂದ ಬಂದ ವಕೀಲರನ್ನು ಬೇಡವೆಂದು, ಸ್ಥಳೀಯ ವಕೀಲ ಫ್ರೆಡ್ ಟರ್ನರ್ ಅವರೇ ಬೇಕು ಎಂದು ಹಟ ಹಿಡಿದ. ಆ ಬೆಳಗ್ಗೆ ಅವನನ್ನು ಕರೆದೊಯ್ದ ಟ್ಯಾಕ್ಸಿ ಚಾಲಕ ಸಾಕ್ಷಿ ಹೇಳಿದ: ಈ ವಿಷಯ ಯಾರಿಗೂ ಹೇಳಬೇಡ ಎಂದು ಗಿಡಿಯನ್ ತಾಕೀತು ಮಾಡಿದ್ದನಂತೆ. ಕೇಳಿದರೆ ಕಳ್ಳನ ಮಾತೇ! ಟರ್ನರ್ ಎದ್ದು, ಮೊದಲೂ ಹಾಗೆ ಹೇಳುತ್ತಿದ್ದನೇ ಎಂದು ಕೇಳಿದರು. ಯಾವಾಗಲೂ ಹೇಳುತ್ತಿದ್ದನಂತೆ, ಹೆಂಡತಿಯ ಜೊತೆಗಿನ ಜಗಳದಿಂದಾಗಿ. ಜ್ಯೂರಿ ಸುಮಾರು ಒಂದು ಗಂಟೆಯಲ್ಲಿ ನಿರ್ದೋಷಿ ಎಂದಿತು. ಅದೇ ಆರೋಪ, ಅದೇ ಪ್ರತ್ಯಕ್ಷ ಸಾಕ್ಷಿ. ಅಷ್ಟು ಹೊತ್ತಿಗೆ ಅವನು ಎರಡು ವರ್ಷ ಜೈಲಿನಲ್ಲಿ ಕಳೆದಿದ್ದ.

1972ರಲ್ಲಿ 61ನೇ ವಯಸ್ಸಿಗೆ ತೀರಿಕೊಂಡಾಗಲೂ ಬಡವನೇ. ಹ್ಯಾನಿಬಲ್‌ನ ಅವನ ಸಮಾಧಿಗೆ ಕಲ್ಲು ಬಿದ್ದದ್ದು ಎಷ್ಟೋ ವರ್ಷಗಳ ನಂತರ.

ನಮ್ಮಲ್ಲೂ 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಇದನ್ನು ಓದಿದಾಗ ಆ ಓಲೆ ನೆನಪಾಗಿ ಹೊಟ್ಟೆ ಕಿವುಚಿದಂತಾಯಿತು.

ಹುಡುಗ ಈಗ ಜಾಮೀನಿನ ಮೇಲೆ ಹೊರಗಿದ್ದಾನೆ, ಕೇಸು ನಡೆಯುತ್ತಿದೆ. ಹೋದ ವಾರ ನಾನು ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಯಾವ ಮಹಡಿಯಲ್ಲಿದೆ ಎಂದು ನೋಡಿಕೊಂಡು ಬಂದೆ. ಮುಂದಿನ ಡೇಟ್‌ಗೆ ಅಮ್ಮ, ಮಗ ಇಬ್ಬರನ್ನೂ ಅಲ್ಲಿಗೆ ಕರೆದೊಯ್ಯುತ್ತೇನೆ. ಅವತ್ತು ಲ್ಯಾಬ್ ಇದೆ, ಅಟೆಂಡೆನ್ಸ್ ಹೋಗುತ್ತದೆ.