ಏಣಿಯಿಂದ ಬಿದ್ದ ಪೇಂಟರ್‌ಗೆ ದಿವ್ಯದೃಷ್ಟಿ ಬಂತೇ? ಕೊಲೆ ತನಿಖೆಗಳಿಗೂ ಕಾಲಿಟ್ಟ ಪೀಟರ್ ಹರ್ಕೋಸ್ ಬದುಕಿನ ಕಥೆ

ಮಾದಾಪುರ (ಹೈದರಾಬಾದ್): ನಮ್ಮ ಸಿನಿಮಾಗಳಲ್ಲಿ ತಲೆಗೆ ಪೆಟ್ಟು ಬಿದ್ದರೆ ನಾಯಕನ ನೆನಪು ಹೋಗುತ್ತದೆ, ಇನ್ನೊಂದು ಪೆಟ್ಟು ಬಿದ್ದರೆ ಮರಳಿ ಬರುತ್ತದೆ. ನೆದರ್ಲೆಂಡ್ಸ್‌ನ ಪೀಟರ್ ಹರ್ಕೋಸ್ ಅವರ ಕಥೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ. ಏಣಿಯಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಈ ಪೇಂಟರ್, ಎಚ್ಚರವಾದ ಮೇಲೆ ತಮಗೆ ಇತರರ ಮನಸ್ಸು ಓದುವ, ಕಾಣದ್ದನ್ನು ಕಾಣುವ ಶಕ್ತಿ ಬಂದಿದೆ ಎಂದು ಹೇಳಿಕೊಂಡರು. ಜನ ನಂಬಿದರು, ಟಿವಿ ನಂಬಿತು, ಕೊಲೆಗಾರರನ್ನು ಹುಡುಕುತ್ತಿದ್ದವರೂ ಅವರ ಮಾತಿಗೆ ಕಿವಿಗೊಟ್ಟರು. ಅದರಿಂದ ಕೊಲೆಯೇ ಮಾಡದ ವ್ಯಕ್ತಿಗಳು ಸಂಶಯಕ್ಕೆ ಗುರಿಯಾದರು.

ಹರ್ಕೋಸ್ ಅವರ ಮೂಲ ಹೆಸರು ಪೀಟರ್ ವಾನ್ ಡರ್ ಹರ್ಕ್. ಹುಟ್ಟಿದ್ದು 1911ರ ಮೇ 21ರಂದು, ಡೋರ್ಡ್ರೆಕ್ಟ್ ಎಂಬ ಊರಿನಲ್ಲಿ. ಮನೆ, ಕಟ್ಟಡಗಳಿಗೆ ಬಣ್ಣ ಬಳಿಯುವುದು ಅವರ ಕಸುಬು. 1941ರಲ್ಲಿ ಹಾಲೆಂಡ್ ಜರ್ಮನ್ ಸೇನೆಯ ಹಿಡಿತದಲ್ಲಿತ್ತು. ಆ ವರ್ಷ ಹೇಗ್ ನಗರದಲ್ಲಿ ಕೆಲಸ ಮಾಡುತ್ತಿದ್ದಾಗ ಎತ್ತರದ ಏಣಿಯಿಂದ ಜಾರಿ ಬಿದ್ದರು. ಆಗ ಅವರಿಗೆ ಮೂವತ್ತು ವರ್ಷ. ಕೆಲವು ದಿನ ಪ್ರಜ್ಞೆ ಇರಲಿಲ್ಲ, ಕಣ್ಣು ಬಿಟ್ಟಾಗ ತಾನು ಹಳೆಯ ಮನುಷ್ಯನಾಗಿ ಉಳಿದಿರಲಿಲ್ಲ ಎಂಬುದು ಅವರೇ ಮುಂದೆ ಹೇಳಿಕೊಂಡ ಕಥೆ.

ಆ ಕಥೆಯ ಪ್ರಕಾರ ಆಸ್ಪತ್ರೆಯ ಹಾಸಿಗೆಯಲ್ಲೇ ಅವರಿಗೆ ನರ್ಸ್‌ಗಳ, ಪಕ್ಕದ ರೋಗಿಗಳ ಗುಟ್ಟುಗಳು ತಿಳಿಯತೊಡಗಿದವು. ಒಬ್ಬ ರೋಗಿ ಬ್ರಿಟಿಷ್ ಗೂಢಚಾರ, ಅವನನ್ನು ಜರ್ಮನ್ನರು ಕೊಲ್ಲುತ್ತಾರೆ ಎಂಬುದೂ ಮೊದಲೇ ಗೊತ್ತಾಯಿತಂತೆ. ಯಾವುದಾದರೂ ವಸ್ತುವನ್ನು ಕೈಯಲ್ಲಿ ಹಿಡಿದರೆ ಅದರ ಒಡೆಯನ ಬದುಕೇ ಕಣ್ಣ ಮುಂದೆ ಬರುತ್ತದೆ ಎಂದರು. ಆದರೆ ಹಳೆಯ ಕೆಲಸಕ್ಕೆ ಮರಳಲು ಆಗಲಿಲ್ಲ, ಯಾವುದರ ಮೇಲೂ ಗಮನ ನಿಲ್ಲುತ್ತಿರಲಿಲ್ಲ ಎಂದೂ ಹೇಳಿಕೊಂಡರು. ಈ ಕೊನೆಯ ಮಾತನ್ನು ನಂಬಲು ಯಾವ ಪವಾಡವೂ ಬೇಕಿಲ್ಲ. ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾದವರ ಮನೆಯವರನ್ನು ಕೇಳಿದರೆ ಸಾಕು. ಮರೆವು, ಸಿಡುಕು, ಏಕಾಗ್ರತೆಯ ಕೊರತೆ, ಮೊದಲಿನಂತಿಲ್ಲದ ಸ್ವಭಾವ, ಇವೆಲ್ಲ ಅಲ್ಲಿ ನಿತ್ಯದ ಸಂಗತಿ.

ಕಲ್ಲು ಹುಡುಕಲು ಲಂಡನ್‌ಗೆ: ಯುದ್ಧ ಮುಗಿದ ಮೇಲೆ ಹರ್ಕೋಸ್ ವೇದಿಕೆ ಏರಿದರು. ಯುರೋಪಿನಾಚೆಗೂ ಅವರ ಹೆಸರು ಹಬ್ಬಲು ಒಂದು ಕಲ್ಲು ನೆರವಾಯಿತು. ಸ್ಕಾಟ್ಲೆಂಡ್ ರಾಜರ ಪಟ್ಟಾಭಿಷೇಕದ ಕಲ್ಲನ್ನು 1950ರ ಕ್ರಿಸ್‌ಮಸ್ ದಿನ ಸ್ಕಾಟಿಷ್ ವಿದ್ಯಾರ್ಥಿಗಳು ಲಂಡನ್‌ನ ವೆಸ್ಟ್‌ಮಿನ್‌ಸ್ಟರ್ ಅಬೆಯಿಂದ ಹೊತ್ತೊಯ್ದಿದ್ದರು. ಅದನ್ನು ಹುಡುಕಲು ಹರ್ಕೋಸ್ ಲಂಡನ್‌ಗೆ ಬಂದರು. 1951ರ ಏಪ್ರಿಲ್‌ನಲ್ಲಿ ಕಲ್ಲು ಸ್ಕಾಟ್ಲೆಂಡ್‌ನ ಆರ್ಬ್ರೋತ್ ಅಬೆಯಲ್ಲಿ ಸಿಕ್ಕಿತು. ಸುಳಿವು ಕೊಟ್ಟವನು ತಾನೇ ಎಂದು ಅವರು ಹೇಳಿಕೊಂಡರು. ಬ್ರಿಟನ್ ಗೃಹ ಸಚಿವ ಚಟರ್ ಈಡ್ ಸಂಸತ್ತಿನಲ್ಲಿ ಕೊಟ್ಟ ಉತ್ತರ ಬೇರೆಯೇ ಆಗಿತ್ತು. ಈ ವ್ಯಕ್ತಿಯನ್ನು ಪೊಲೀಸರು ಕರೆದಿರಲಿಲ್ಲ, ಸರ್ಕಾರ ಅವರಿಗೆ ಖರ್ಚು ಕೊಟ್ಟಿಲ್ಲ, ಅವರಿಂದ ಯಾವ ಫಲವೂ ಸಿಕ್ಕಿಲ್ಲ ಎಂದು ಸಚಿವರು ಸ್ಪಷ್ಟಪಡಿಸಿದರು. ಈ ಉತ್ತರ ಸಂಸತ್ತಿನ ಕಡತ ಸೇರಿತು, ಹರ್ಕೋಸ್ ಹೇಳಿದ್ದು ಜನರ ಬಾಯಿಗೆ ಬಂತು.

1956ರಲ್ಲಿ ಆಂಡ್ರಿಯಾ ಪುಹಾರಿಚ್ ಎಂಬ ವೈದ್ಯರು ಅವರನ್ನು ಅಮೆರಿಕಕ್ಕೆ ಕರೆಸಿಕೊಂಡರು. ಅತೀಂದ್ರಿಯ ಶಕ್ತಿಯ ಬಗ್ಗೆ ಪುಹಾರಿಚ್‌ಗೆ ಅಪಾರ ನಂಬಿಕೆ. ತಾವು ಮಾಡಿದ ಪರೀಕ್ಷೆಗಳಲ್ಲಿ ಹರ್ಕೋಸ್ ಗೆದ್ದಿದ್ದಾರೆ ಎಂದು ಅವರು ಸಾರಿದರು. 1960ರಲ್ಲಿ ಒಂದು ಟಿವಿ ಸರಣಿ ಹರ್ಕೋಸ್ ಬದುಕನ್ನು ಎರಡು ಕಂತುಗಳಲ್ಲಿ ತೋರಿಸಿತು. ಮರು ವರ್ಷ ಆತ್ಮಕಥೆಯೂ ಬಂತು. ಏಣಿಯಿಂದ ಬಿದ್ದ ಪ್ರಸಂಗ ಅಮೆರಿಕದ ಮನೆಮಾತಾಯಿತು.

ತಪ್ಪು ಬೊಟ್ಟು, ಬೇರೆಯವರ ಬದುಕು: 1959ರ ಜನವರಿಯಲ್ಲಿ ವರ್ಜೀನಿಯಾ ರಾಜ್ಯದಲ್ಲಿ ಜಾಕ್ಸನ್ ಎಂಬ ಕುಟುಂಬದ ನಾಲ್ವರು ಕಾಣೆಯಾಗಿ ಕೊಲೆಯಾದರು. ತಂದೆ, ತಾಯಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಮರು ವರ್ಷ ಮನೋವೈದ್ಯರೊಬ್ಬರು ಹರ್ಕೋಸ್‌ರನ್ನು ಅಲ್ಲಿಗೆ ಕರೆತಂದರು. ಅವರು ಬೊಟ್ಟು ಮಾಡಿದ್ದು ಕಸ ಸಾಗಿಸುವ ಕೆಲಸದ ಒಬ್ಬನ ಕಡೆಗೆ. ಆತನನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಲಾಯಿತು. ಆದರೆ ಅದೇ ಸಮಯಕ್ಕೆ ಎಫ್‌ಬಿಐ ಮೆಲ್ವಿನ್ ರೀಸ್ ಎಂಬ ಸಂಗೀತಗಾರನನ್ನು ಬಂಧಿಸಿತು. ಸಾಕ್ಷ್ಯಗಳೆಲ್ಲ ಅವನತ್ತಲೇ ಇದ್ದವು, ನ್ಯಾಯಾಲಯದಲ್ಲಿ ಅಪರಾಧಿ ಎಂದು ಸಾಬೀತಾದವನೂ ಅವನೇ.

ಇಷ್ಟಾದ ಮೇಲೂ ಹರ್ಕೋಸ್‌ಗೆ ಕರೆ ಬರುವುದು ನಿಲ್ಲಲಿಲ್ಲ. 1964ರಲ್ಲಿ ಬಾಸ್ಟನ್ ನಗರ ಸರಣಿ ಕೊಲೆಗಳಿಂದ ನಡುಗಿತ್ತು. ಒಂಟಿಯಾಗಿದ್ದ ಮಹಿಳೆಯರನ್ನು ಅವರ ಮನೆಯಲ್ಲೇ ಕತ್ತು ಬಿಗಿದು ಕೊಲ್ಲುತ್ತಿದ್ದ ಹಂತಕ ಸಿಕ್ಕಿರಲಿಲ್ಲ. ಖಾಸಗಿ ಹಣದ ನೆರವಿನಲ್ಲಿ ಹರ್ಕೋಸ್ ತನಿಖಾ ತಂಡದ ಬಳಿ ಬಂದರು. ಈ ಬಾರಿ ಅವರ ವಿವರಣೆ ಹೋಗಿ ನಿಂತಿದ್ದು ಮಾನಸಿಕ ತೊಂದರೆಯಿದ್ದ ಒಬ್ಬ ಚಪ್ಪಲಿ ಮಾರಾಟಗಾರನ ಮೇಲೆ. ಆತನ ವಿರುದ್ಧ ಕೊಲೆಯ ಸಾಕ್ಷ್ಯ ಏನೂ ಸಿಗಲಿಲ್ಲ. ಇದಾದ ಕೆಲವೇ ದಿನಗಳಲ್ಲಿ, ತಾನು ಎಫ್‌ಬಿಐ ಅಧಿಕಾರಿ ಎಂದು ಹೇಳಿಕೊಂಡ ಆರೋಪದ ಮೇಲೆ ಹರ್ಕೋಸ್ ಅವರೇ ಬಂಧನಕ್ಕೊಳಗಾದರು, ಮುಂದೆ ದಂಡವನ್ನೂ ತೆತ್ತರು. ಬಾಸ್ಟನ್ ಕೊಲೆಗಳನ್ನು ತಾನೇ ಮಾಡಿದ್ದಾಗಿ 1965ರಲ್ಲಿ ಒಪ್ಪಿಕೊಂಡವನು ಆಲ್ಬರ್ಟ್ ಡಿಸಾಲ್ವೊ. ಆತನಿಗೂ ಚಪ್ಪಲಿ ಅಂಗಡಿಗೂ ಸಂಬಂಧವಿರಲಿಲ್ಲ.

ಎರಡೂ ಕಡೆ ಸಿಕ್ಕಿಬಿದ್ದವರು ಎಂಥವರು ಎಂಬುದನ್ನು ಗಮನಿಸಬೇಕು. ಒಬ್ಬ ಕಸ ಸಾಗಿಸುವವನು, ಇನ್ನೊಬ್ಬ ಮನೋರೋಗಿ. ಊರಿನವರು ಮೊದಲೇ ಅನುಮಾನದಿಂದ ನೋಡುವ, ತಮ್ಮ ಪರವಾಗಿ ಮಾತಾಡಲು ಯಾರೂ ಇಲ್ಲದ ಜನ. ಇಂಥವರ ಮೇಲೆ ಬೊಟ್ಟು ಮಾಡಲು ದಿವ್ಯದೃಷ್ಟಿಯ ಅಗತ್ಯವಿಲ್ಲ.

1969ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಟಿ ಶರೋನ್ ಟೇಟ್ ಮತ್ತಿತರರ ಹತ್ಯೆಯಾದಾಗಲೂ ಹರ್ಕೋಸ್ ರಕ್ತದ ಕಲೆ ಆರದ ಆ ಮನೆಗೆ ಹೋದರು. ಕೊಂದವರು ಮೂವರು ಗಂಡಸರು ಎಂದರು. ಸಿಕ್ಕಿಬಿದ್ದದ್ದು ಚಾರ್ಲ್ಸ್ ಮ್ಯಾನ್ಸನ್ ಗುಂಪು. ಆ ರಾತ್ರಿ ಮನೆಯೊಳಗೆ ಕೊಲೆ ಮಾಡಿದವರಲ್ಲಿ ಹೆಂಗಸರೂ ಇದ್ದರು.

ಮೆದುಳು ಏನು ಮಾಡಬಲ್ಲದು?: ಹಾಗಾದರೆ ತಲೆಪೆಟ್ಟಿನ ಕಥೆಯೇ ಸುಳ್ಳೇ? ಹಾಗೆ ಹೇಳಬೇಕಿಲ್ಲ. ಮನುಷ್ಯರ ತಲೆಯ ಮೊದಲ ಸಿಟಿ ಸ್ಕ್ಯಾನ್ ನಡೆದದ್ದೇ 1971ರಲ್ಲಿ. ಅದಕ್ಕಿಂತ ಮೂವತ್ತು ವರ್ಷ ಹಿಂದೆ ಬಿದ್ದವರ ಮೆದುಳಿನಲ್ಲಿ ಏನಾಗಿತ್ತು ಎಂದು ನೋಡುವ ಸಾಧನವೇ ಆಗ ಇರಲಿಲ್ಲ. ಆದರೆ ಮೆದುಳಿಗೆ ಪೆಟ್ಟಾದಾಗ ವಿಚಿತ್ರ ಅನುಭವಗಳು ಆಗುವುದು ನಿಜ. ಕೆನಡಾದ ಮಾಂಟ್ರಿಯಲ್‌ನಲ್ಲಿ ನರಶಸ್ತ್ರಚಿಕಿತ್ಸಕ ವೈಲ್ಡರ್ ಪೆನ್‌ಫೀಲ್ಡ್, ಎಚ್ಚರವಿದ್ದ ಮೂರ್ಛೆರೋಗಿಗಳ ಮೆದುಳಿನ ಕಿವಿಯ ಬಳಿಯ ಭಾಗಕ್ಕೆ ಸಣ್ಣ ವಿದ್ಯುತ್ ಪ್ರವಾಹ ಹಾಯಿಸಿದಾಗ, ಕೆಲವರಿಗೆ ಯಾರದೋ ಧ್ವನಿ ಕೇಳಿಸುತ್ತಿತ್ತು, ಇದೆಲ್ಲ ಮೊದಲೇ ನಡೆದಿದೆ ಅನ್ನಿಸುತ್ತಿತ್ತು. 2002ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಓಲಾಫ್ ಬ್ಲಾಂಕೆ ತಂಡ ಇಂಥದ್ದೇ ಪ್ರಚೋದನೆಯಿಂದ ಒಬ್ಬ ರೋಗಿಗೆ, ತಾನು ದೇಹದಿಂದ ಹೊರಬಂದು ಮೇಲಿನಿಂದ ನೋಡುತ್ತಿದ್ದೇನೆ ಎಂಬ ಅನುಭವ ತರಿಸಿತು.

ಚರಿತ್ರೆಯಲ್ಲೂ ಇದಕ್ಕೆ ಉದಾಹರಣೆಯಿದೆ. ಅಮೆರಿಕದ ಗುಲಾಮಗಿರಿಯಿಂದ ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂದಿರುಗಿ ಸುಮಾರು 70 ಜನರನ್ನು ಬಿಡಿಸಿ ತಂದ ಹ್ಯಾರಿಯೆಟ್ ಟಬ್‌ಮನ್ ಅವರ ತಲೆಗೆ, ಹುಡುಗಿಯಾಗಿದ್ದಾಗ ಮೇಲ್ವಿಚಾರಕನೊಬ್ಬ ಎಸೆದ ಲೋಹದ ತೂಕದ ಕಲ್ಲು ಬಡಿದಿತ್ತು. ಅಂದಿನಿಂದ ಮಾತಿನ ನಡುವೆಯೇ ನಿದ್ದೆಗೆ ಜಾರುವುದು, ಕನಸಿನಂಥ ದರ್ಶನಗಳು ಬದುಕಿನುದ್ದಕ್ಕೂ ಅವರನ್ನು ಬಿಡಲಿಲ್ಲ. ಅವು ದೇವರ ಸೂಚನೆ ಎಂದು ಅವರು ನಂಬಿದ್ದರು. ಆ ದರ್ಶನಗಳು ಅವರಿಗೆ ಧೈರ್ಯ ತುಂಬಿರಬಹುದು. ಆದರೆ ಕಾಡಿನ ಹಾದಿ, ರಾತ್ರಿಯ ನಕ್ಷತ್ರ, ಆಸರೆ ಕೊಡುವ ಮನೆಗಳು, ಇವುಗಳ ತಿಳಿವಳಿಕೆ ಬಂದದ್ದು ಕಣ್ಣು, ಕಿವಿ ಮತ್ತು ನಂಬಿಕಸ್ಥ ಜನರಿಂದ.

ಗಾಯಗೊಂಡ ಮೆದುಳು ಚಿತ್ರಗಳನ್ನು ಕಟ್ಟಬಲ್ಲದು, ಆ ಚಿತ್ರ ನಿಜವೆಂಬ ಗಟ್ಟಿ ನಂಬಿಕೆಯನ್ನೂ ಹುಟ್ಟಿಸಬಲ್ಲದು. ಅಪರೂಪಕ್ಕೆ, ಪೆಟ್ಟಿನ ನಂತರ ಚಿತ್ರಕಲೆ, ಸಂಗೀತದ ಗೀಳು ಹತ್ತಿಸಿಕೊಂಡವರ ವರದಿಗಳೂ ಇವೆ. ಆದರೆ ಅಲ್ಲೆಲ್ಲ ಹೊರಬರುವುದು ತಲೆಯೊಳಗೆ ಇದ್ದದ್ದೇ. ಬಾಸ್ಟನ್‌ನ ಕೊಲೆಗಾರ ಯಾರು ಎಂಬ ಸಂಗತಿ ಹೇಗ್‌ನಲ್ಲಿ ಬಿದ್ದ ಪೇಂಟರ್‌ನ ತಲೆಯೊಳಗೆ ಮೊದಲೇ ಇರಲು ಸಾಧ್ಯವಿಲ್ಲ. ಅದು ಹೊರಗಿನಿಂದಲೇ ಬರಬೇಕು, ಬಂದಿದೆಯೇ ಎಂದು ಪರೀಕ್ಷೆ ಮಾಡಿ ನೋಡಬಹುದು.

ಅಂಥ ಪರೀಕ್ಷೆಯೂ ನಡೆಯಿತು. ಅತೀಂದ್ರಿಯ ಸಂಶೋಧನೆಯ ಬಗ್ಗೆ ಸಹಾನುಭೂತಿಯೇ ಇದ್ದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಟಾರ್ಟ್, ವಸ್ತು ಮುಟ್ಟಿ ಒಡೆಯನ ಬಗ್ಗೆ ಹೇಳುವ ಹರ್ಕೋಸ್ ವಿದ್ಯೆಯನ್ನು ಎರಡು ಬಾರಿ ಕಟ್ಟುನಿಟ್ಟಾಗಿ ಪರಿಶೀಲಿಸಿ, 1968ರಲ್ಲಿ ಫಲಿತಾಂಶ ಪ್ರಕಟಿಸಿದರು. ಅಂಥ ಶಕ್ತಿಗೆ ಪುರಾವೆ ಸಿಗಲಿಲ್ಲ. ಕರ್ನಾಟಕದಲ್ಲಿ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯ ಪವಾಡಗಳ ಪರಿಶೀಲನೆಗೆ ಸಮಿತಿ ರಚಿಸಿದಾಗ ಎತ್ತಿದ ಪ್ರಶ್ನೆಯೂ ಇದೇ ಬಗೆಯದು. ಮೊದಲು ನಿಯಮ ಹಾಕಿಕೊಳ್ಳೋಣ, ಆಮೇಲೆ ನೋಡೋಣ ಎಂಬ ನಿಲುವು ಅದು.

ನಿಯಮವಿಲ್ಲದ ಕಡೆ ಹರ್ಕೋಸ್ ಚೆನ್ನಾಗಿಯೇ ಬಾಳಿದರು. ಎದುರಿದ್ದವರ ಮುಖ ನೋಡುತ್ತಾ ಹತ್ತಾರು ಮಾತು ಹರಿಯಬಿಟ್ಟರೆ ಒಂದೆರಡು ತಾಗುತ್ತವೆ. ತಾಗಿದ್ದನ್ನು ಕೇಳಿದವರು ಜೀವನಪೂರ್ತಿ ನೆನಪಿಡುತ್ತಾರೆ, ತಾಗದ್ದು ಬಾಗಿಲು ದಾಟುವ ಮೊದಲೇ ಮರೆತುಹೋಗುತ್ತದೆ. ಕಣಿ ಕೇಳಿ ಬಂದವರಿಗೆ ಇದು ಗೊತ್ತು. ಅವರು ಬೇಕೆಂದೇ ಮೋಸ ಮಾಡಿದರೇ, ಇಲ್ಲವೇ ತಮ್ಮ ತಲೆಯೊಳಗೆ ಮೂಡಿದ್ದನ್ನು ತಾವೇ ನಂಬಿದ್ದರೇ? ಎರಡನೆಯದೂ ಇದ್ದಿರಬಹುದು. ಕಸ ಸಾಗಿಸುವವನ ಪಾಲಿಗೆ ಅದರಿಂದ ವ್ಯತ್ಯಾಸವೇನೂ ಆಗಲಿಲ್ಲ.

ಹಾಲಿವುಡ್ ಗೆಳೆಯರ ನಡುವೆ ಕೊನೆಯ ವರ್ಷಗಳನ್ನು ಕಳೆದ ಹರ್ಕೋಸ್ 1988ರ ಜೂನ್ 1ರಂದು ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡರು. ಅವರಿಗೆ 77 ವರ್ಷವಾಗಿತ್ತು. ಬಾಸ್ಟನ್ ಹಂತಕನಿಗೆ ಬಲಿಯಾದ ಕೊನೆಯ ಯುವತಿಯ ಬಳಿ ಸಿಕ್ಕಿ, ಐದು ದಶಕ ಕಾಪಿಟ್ಟಿದ್ದ ಕುರುಹಿನ ಡಿಎನ್‌ಎ ಪರೀಕ್ಷೆ ನಡೆದದ್ದು 2013ರಲ್ಲಿ. ಅದು ಡಿಸಾಲ್ವೊನ ಡಿಎನ್‌ಎಗೆ ಹೊಂದಿತು.